ವಿಮೆಯ ಕಾಲವೂ ಮಗುವಿನ ಕಾಲವೂ

ಆರೋಗ್ಯ ವಿಮೆಯ ಪಾಲಿಸಿಯನ್ನು ಮನೆಗೆ ತಂದವರಲ್ಲಿ ಹೆಚ್ಚಿನವರು ಅದರ ಮೊದಲ ಪುಟವನ್ನಷ್ಟೇ ಓದುತ್ತಾರೆ. ಹೆಸರು ಸರಿಯಿದೆಯೇ, ವಿಮಾ ಮೊತ್ತ ಎಷ್ಟು, ಮುಂದಿನ ಕಂತು ಯಾವಾಗ ಎಂಬುದನ್ನು ನೋಡಿಕೊಂಡು ಪತ್ರವನ್ನು ಬೀರುವಿನಲ್ಲಿಡುತ್ತಾರೆ. ಕಂಪನಿಯು ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿ ಇರುವುದು ಒಳಪುಟಗಳ ಸಣ್ಣ ಅಕ್ಷರಗಳಲ್ಲಿ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಶ್ರವಣಯಂತ್ರ ಈ ಮೂರೂ ಬಹಳಷ್ಟು ಪಾಲಿಸಿಗಳ ಆ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಹಲವು ಪಾಲಿಸಿಗಳಲ್ಲಿ ಅದರ ಆಸುಪಾಸಿನಲ್ಲಿಯೇ ಇನ್ನೊಂದು ಮಾತು ಇರುತ್ತದೆ: ಕಾಕ್ಲಿಯರ್ ಇಂಪ್ಲಾಂಟ್‌ನ ವೆಚ್ಚವನ್ನು, ಅಪಘಾತದಿಂದ ಅದು ಅಗತ್ಯವಾದ ಹೊರತು, ಕೊಡಲಾಗುವುದಿಲ್ಲ.

ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವಿನ ತಂದೆತಾಯಿಗಳಿಗೆ ಈ ಒಂದು ಸಾಲು ಏನು ಹೇಳುತ್ತದೆ? ಮಗು ಬಿದ್ದು ತಲೆಗೆ ಪೆಟ್ಟಾಗಿ ಕಿವುಡಾಗಿದ್ದರೆ ನಾವು ಬರುತ್ತಿದ್ದೆವು, ಹುಟ್ಟುವಾಗಲೇ ಹಾಗಿದ್ದುದರಿಂದ ಬರುವುದಿಲ್ಲ ಎಂದು ಹೇಳುತ್ತದೆ. ಇದು ವೈದ್ಯಶಾಸ್ತ್ರದ ಮಾತಲ್ಲ, ಲೆಕ್ಕಪತ್ರದ ಮಾತು. ಈ ಸಂಚಿಕೆಯಲ್ಲಿ ಇದನ್ನು ಕುರಿತು ಸ್ವಲ್ಪ ದೀರ್ಘವಾಗಿಯೇ ಬರೆಯಬೇಕೆಂದು ನಮಗೆ ಅನಿಸಿದೆ. ಏಕೆಂದರೆ ಕಿವಿಯ ವಿಷಯದಲ್ಲಿ ವಿಮೆಯ ನಿಯಮಗಳು ಒಂದು ವೇಗದಲ್ಲಿ ನಡೆಯುತ್ತವೆ, ಮಗುವಿನ ಮಿದುಳು ಇನ್ನೊಂದು ವೇಗದಲ್ಲಿ ಬೆಳೆಯುತ್ತದೆ. ಇವೆರಡರ ನಡುವಿನ ಅಂತರದಲ್ಲಿ ಮಕ್ಕಳ ಮಾತು ಕಳೆದುಹೋಗುತ್ತಿದೆ.

ಮೊದಲು ಈ ಸಾಧನದ ವಿಚಾರ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಹೊರಗಿನ ಸದ್ದು ಅಲೆಗಳಾಗಿ ಅಲ್ಲಿಗೆ ತಲುಪಿದಾಗ ಅಲ್ಲಿರುವ ಕೂದಲಿನಂತಹ ಸೂಕ್ಷ್ಮ ಜೀವಕೋಶಗಳು ಅದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಈ ಜೀವಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಸ್ವಲ್ಪ ಭಾಗ ಉಳಿದಿದ್ದರೆ ಸದ್ದನ್ನು ದೊಡ್ಡದು ಮಾಡಿ ಕೊಡುವ ಸಾಮಾನ್ಯ ಶ್ರವಣಯಂತ್ರ ಸಾಕಾಗುತ್ತದೆ. ಬಹುತೇಕ ಎಲ್ಲವೂ ಹೋಗಿದ್ದರೆ ಸದ್ದನ್ನು ಎಷ್ಟು ಹೆಚ್ಚಿಸಿದರೂ ಅದನ್ನು ಬರಮಾಡಿಕೊಳ್ಳುವವರು ಅಲ್ಲಿ ಇರುವುದಿಲ್ಲ. ಆಗ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ಮೂಲಕ ಕಿವಿಯ ಹಿಂದಿನ ಚರ್ಮದಡಿ ಒಂದು ಗ್ರಾಹಕವನ್ನೂ, ಕಾಕ್ಲಿಯಾದ ಸುರುಳಿಯೊಳಕ್ಕೆ ನೂಲಿನಂತಹ ವಿದ್ಯುದ್ವಾರಗಳ ಎಳೆಯನ್ನೂ ಕೂರಿಸುತ್ತಾರೆ. ಹೊರಗೆ, ಕಿವಿಯ ಮೇಲೆ, ಮೈಕ್ರೋಫೋನು ಮತ್ತು ಪ್ರೊಸೆಸರ್ ಇರುತ್ತದೆ. ಅದರಿಂದ ಹೊರಟ ಸಂಕೇತವು ತಲೆಗೆ ಅಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆಯೊಂದರ ಮೂಲಕ ಒಳಗಿನ ಗ್ರಾಹಕವನ್ನು ಮುಟ್ಟುತ್ತದೆ. ಕೆಟ್ಟುಹೋದ ಜೀವಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಮಾತನಾಡಿಸುವ ಉಪಾಯವಿದು. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು ಹಲವು ವಿದ್ಯುದ್ವಾರಗಳ ಇಂಪ್ಲಾಂಟನ್ನು ರೋಗಿಯೊಬ್ಬರಿಗೆ ಮೊದಲು ಅಳವಡಿಸಿದ್ದು 1978ರಲ್ಲಿ. ಶ್ರವಣದೋಷದಿಂದ ಬಳಲುತ್ತಿದ್ದ ತಮ್ಮ ತಂದೆಯನ್ನು ಕಂಡು ಬೆಳೆದವರು ಅವರು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ನಾಲ್ಕು ದಶಕಗಳಿಗೂ ಮೀರಿದ, ಪರೀಕ್ಷೆಯಲ್ಲಿ ಗೆದ್ದ ಚಿಕಿತ್ಸೆ.

ಈ ಚಿಕಿತ್ಸೆಗೆ ಒಂದು ಗಡಿಯಾರವಿದೆ. ಮಗು ಹುಟ್ಟಿದ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ ಮಿದುಳಿನ ಶ್ರವಣಭಾಗವು ಸದ್ದುಗಳನ್ನು ಬೇರ್ಪಡಿಸಿ, ಜೋಡಿಸಿ, ಭಾಷೆಯನ್ನು ಕಟ್ಟಿಕೊಳ್ಳುತ್ತದೆ. ಆ ಕಾಲದಲ್ಲಿ ಅದಕ್ಕೆ ಸದ್ದು ಸಿಗದಿದ್ದರೆ ಆ ಜಾಗವನ್ನು ಮಿದುಳು ಬೇರೆ ಕೆಲಸಗಳಿಗೆ ಬಿಟ್ಟುಕೊಡುತ್ತದೆ. ಒಂದು ವರ್ಷದ ಸುಮಾರಿಗೆ ಇಂಪ್ಲಾಂಟ್ ಪಡೆದು ಸರಿಯಾದ ತರಬೇತಿ ಹೊಂದಿದ ಎಷ್ಟೋ ಮಕ್ಕಳು ನೆರೆಮನೆಯ ಮಕ್ಕಳಂತೆ ಮಾತು ಕಲಿತು ಸಾಮಾನ್ಯ ಶಾಲೆಗೆ ಹೋಗುತ್ತಾರೆ. ಹುಟ್ಟುಕಿವುಡಾದ ಮಗುವಿಗೆ ಅದೇ ಸಾಧನವನ್ನು ಏಳೆಂಟು ವರ್ಷಕ್ಕೆ ಹಾಕಿದರೆ ಸದ್ದು ಕೇಳಿಸಬಹುದು. ಆದರೆ ಅದು ಮಾತಾಗಿ ಅರ್ಥವಾಗುವುದು ಬಹಳ ಕಷ್ಟ. ಆದುದರಿಂದಲೇ ತಜ್ಞರು ಒಂದು ಕ್ರಮವನ್ನು ಹೇಳುತ್ತಾರೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ನವಜಾತ ಶಿಶು ನಿದ್ರೆಯಲ್ಲಿದ್ದಾಗಲೇ ಮಾಡಬಹುದಾದ, ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದಕ್ಕಿದೆ. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು’ ಎಂಬ ಹಿರಿಯರ ಸಮಾಧಾನದ ಮಾತುಗಳಲ್ಲಿ ಪ್ರೀತಿಯಿದೆ, ಆದರೆ ಆ ಸಮಾಧಾನಕ್ಕೆ ಮಗು ತೆರುವ ಬೆಲೆ ದೊಡ್ಡದು.

ಈಗ ವಿಮೆಯ ಕಡೆಗೆ ಬರೋಣ. ಹೃದಯದ ಬಡಿತ ತಪ್ಪಿದವರಿಗೆ ಎದೆಯ ಚರ್ಮದಡಿ ಪೇಸ್‌ಮೇಕರ್ ಇಡುತ್ತಾರೆ. ರಕ್ತನಾಳ ಕಟ್ಟಿಕೊಂಡವರಿಗೆ ಸ್ಟೆಂಟ್ ಹಾಕುತ್ತಾರೆ. ಕಣ್ಣಿನ ಪೊರೆ ತೆಗೆದು ಕೃತಕ ಮಸೂರವನ್ನು ಕೂರಿಸುತ್ತಾರೆ. ಇವೆಲ್ಲವೂ ದೇಹದೊಳಗೆ ಇಡುವ ಕೃತಕ ಸಾಧನಗಳೇ. ಇವುಗಳ ವೆಚ್ಚವನ್ನು ವಿಮೆ, ಕೆಲವೊಮ್ಮೆ ಮಿತಿ ಹಾಕಿದರೂ, ಒಪ್ಪಿಕೊಳ್ಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳ ಪಟ್ಟಿಯೊಂದನ್ನು ಕೊಟ್ಟು, ಇವುಗಳನ್ನು ಪಾಲಿಸಿಗಳು ಹೊರಗಿಡಬಾರದೆಂದಿತು. ಮಿದುಳಿನೊಳಕ್ಕೆ ವಿದ್ಯುದ್ವಾರ ಇಳಿಸಿ ಪ್ರಚೋದಿಸುವ ಚಿಕಿತ್ಸೆಯೂ ಆ ಪಟ್ಟಿಯಲ್ಲಿದೆ. ಒಳಗಿವಿಗೆ ವಿದ್ಯುದ್ವಾರ ಇಳಿಸುವ ಚಿಕಿತ್ಸೆ ಇಲ್ಲ. ಈ ಭೇದಕ್ಕೆ ಕಾರಣವೇನೆಂದು ಎಷ್ಟು ಯೋಚಿಸಿದರೂ ನಮಗೆ ಒಂದೇ ಉತ್ತರ ಹೊಳೆಯುತ್ತದೆ. ಹೃದಯ ನಿಂತರೆ ಮನುಷ್ಯ ಸಾಯುತ್ತಾನೆ, ಕಿವಿ ನಿಂತರೆ ಸಾಯುವುದಿಲ್ಲ. ಆದ್ದರಿಂದ ಕೇಳುವಿಕೆಯನ್ನು ಒಂದು ಸೌಕರ್ಯವೆಂದು, ಕನ್ನಡಕದ ಚೌಕಟ್ಟಿನಂತೆ ಅವರವರ ಅನುಕೂಲದ ವಸ್ತುವೆಂದು ಎಣಿಸಿದ್ದಾರೆ.

ಅದೇ ವರ್ಷ ಪ್ರಾಧಿಕಾರವು ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿತು. ಹುಟ್ಟಿನಿಂದ ಬಂದ ದೋಷಗಳನ್ನು ವಿಮೆಯ ಭಾಷೆಯಲ್ಲಿ ಎರಡಾಗಿ ವಿಂಗಡಿಸುತ್ತಾರೆ: ಕಣ್ಣಿಗೆ ಕಾಣುವ, ದೇಹದ ಹೊರಭಾಗದ ದೋಷ ಒಂದು, ಕಾಣದ, ಒಳಗಿನ ದೋಷ ಇನ್ನೊಂದು. ಒಳಗಿನ ಹುಟ್ಟುದೋಷಗಳನ್ನೂ ವಂಶವಾಹಿಯಿಂದ ಬಂದ ಕಾಯಿಲೆಗಳನ್ನೂ ಪಾಲಿಸಿಯಿಂದ ಸಾರಾಸಗಟಾಗಿ ಹೊರಗಿಡುವಂತಿಲ್ಲ ಎಂದು ಪ್ರಾಧಿಕಾರ ಸೂಚಿಸಿತು. ಕಾಕ್ಲಿಯಾ ಇರುವುದು ತಲೆಬುರುಡೆಯ ಅತ್ಯಂತ ಗಟ್ಟಿಯಾದ ಮೂಳೆಯೊಳಗೆ. ಅದಕ್ಕಿಂತ ಒಳಗಿನ ಅಂಗ ಇನ್ನಾವುದಿದೆ? ಆದ್ದರಿಂದ ಹುಟ್ಟುಕಿವುಡುತನವೆಂಬ ಕಾಯಿಲೆಗೆ ಮುಂಬಾಗಿಲು ತೆರೆಯಿತು ಎಂದೇ ಹೇಳಬೇಕು. ಆದರೆ ಕಾಯಿಲೆಯನ್ನು ಒಳಗೆ ಬಿಟ್ಟು ಅದರ ಚಿಕಿತ್ಸೆಗೆ ಬೇಕಾದ ಸಾಧನವನ್ನು ಹೊರಗೆ ನಿಲ್ಲಿಸುವ ಸಾಲು ಮಾತ್ರ ಹಲವು ಪಾಲಿಸಿಗಳಲ್ಲಿ ಹಾಗೆಯೇ ಉಳಿದಿದೆ. ಕೆಲವು ಪಾಲಿಸಿಗಳಲ್ಲಿ ಸಾಧನಕ್ಕೆ ಅವಕಾಶವಿದ್ದರೂ ವಿಮಾ ಮೊತ್ತದ ಒಂದಂಶಕ್ಕಷ್ಟೇ ಮಿತಿ ಹಾಕಿರುತ್ತಾರೆ. ಇನ್ನು ಹೊರಗಿವಿಯೇ ರೂಪುಗೊಳ್ಳದೆ, ಕಿವಿಯ ನಾಳ ಮುಚ್ಚಿಕೊಂಡು ಹುಟ್ಟುವ ಮಕ್ಕಳಿದ್ದಾರೆ. ಅವರ ಕಾಕ್ಲಿಯಾ ಚೆನ್ನಾಗಿಯೇ ಇರಬಹುದು. ಮೂಳೆಯ ಮೂಲಕ ಸದ್ದನ್ನು ಸಾಗಿಸುವ ಸಾಧನ ಅಳವಡಿಸಿದರೆ ಅವರು ಕೇಳಬಲ್ಲರು. ಅವರ ದೋಷ ಕಣ್ಣಿಗೆ ಕಾಣುವುದರಿಂದ ಅದು ‘ಹೊರಗಿನದು’. ಆದ್ದರಿಂದ ಅವರಿಗೆ ಮುಂಬಾಗಿಲೂ ಇಲ್ಲ. ಒಂದೇ ವಾರ್ಡಿನಲ್ಲಿ ಹುಟ್ಟಿದ, ಎರಡಕ್ಕೂ ಸದ್ದು ತಲುಪದ ಎರಡು ಶಿಶುಗಳಿಗೆ ಎರಡು ನ್ಯಾಯ.

ನಿರೀಕ್ಷಣಾ ಅವಧಿಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ಇಂತಿಷ್ಟು ಕಾಲ ಹಣ ಕೊಡುವುದಿಲ್ಲ. ಈ ಕಾಲದ ಗರಿಷ್ಠ ಮಿತಿ 48 ತಿಂಗಳಿದ್ದುದನ್ನು 2024ರಲ್ಲಿ 36 ತಿಂಗಳಿಗೆ ಇಳಿಸಿದರು. ಮಧುಮೇಹಿಗೂ ರಕ್ತದೊತ್ತಡದವರಿಗೂ ಇದು ದೊಡ್ಡ ಉಪಕಾರವೇ. ಆದರೆ ಕಿವಿ ಕೇಳಿಸದ ಒಂದು ವರ್ಷದ ಮಗುವಿಗೆ 36 ತಿಂಗಳೆಂದರೆ ಏನು? ಅವಧಿ ಮುಗಿಯುವ ಹೊತ್ತಿಗೆ ಮಗುವಿಗೆ ನಾಲ್ಕು ವರ್ಷ. ಭಾಷೆಗೆಂದು ಪ್ರಕೃತಿ ಕೊಟ್ಟ ಅತ್ಯಂತ ಫಲವತ್ತಾದ ಕಾಲವೆಲ್ಲ ಕಾಯುವುದರಲ್ಲಿಯೇ ತೀರಿತು. ಬಿತ್ತನೆಯ ಮಳೆ ಹೋದ ಮೇಲೆ ಬೀಜದ ಸಾಲ ಮಂಜೂರಾದ ಹಾಗೆ.

ಇದರಲ್ಲಿ ಇನ್ನೊಂದು ವಿಪರೀತವಿದೆ. ನಿಯಮದ ಪ್ರಕಾರ ‘ಮೊದಲೇ ಇದ್ದ ಕಾಯಿಲೆ’ ಎಂದರೆ ಪಾಲಿಸಿ ಆರಂಭವಾಗುವ ಮೊದಲಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆ. ಬಿಡಿ ಪಾಲಿಸಿಗಳಲ್ಲಿ ನವಜಾತ ಶಿಶುವನ್ನು ಸಾಮಾನ್ಯವಾಗಿ 90 ದಿನಗಳ ನಂತರವೇ ಸೇರಿಸಿಕೊಳ್ಳುತ್ತಾರೆ. ಹಾಗಾದರೆ ತಜ್ಞರು ಹೇಳಿದಂತೆ ಮೊದಲ ತಿಂಗಳಲ್ಲಿಯೇ ತಪಾಸಣೆ ಮಾಡಿಸಿ, ಮೂರನೆಯ ತಿಂಗಳಲ್ಲಿ ದೋಷವನ್ನು ಖಚಿತಪಡಿಸಿಕೊಂಡ ಜಾಗರೂಕ ದಂಪತಿಗಳ ಮಗು ‘ಮೊದಲೇ ಕಾಯಿಲೆಯಿದ್ದ’ ಮಗುವಾಗುತ್ತದೆ. ಒಂದೂವರೆ ವರ್ಷದವರೆಗೆ ಏನನ್ನೂ ಗಮನಿಸದೆ, ಅಷ್ಟರಲ್ಲಿ ಮಗುವನ್ನು ಪಾಲಿಸಿಗೆ ಸೇರಿಸಿದ್ದವರ ಮಗು ಹಾಗಾಗುವುದಿಲ್ಲ. ಎಚ್ಚರಕ್ಕೆ ದಂಡ, ಅಲಕ್ಷ್ಯಕ್ಕೆ ರಿಯಾಯಿತಿ. ಯಾರೂ ಬೇಕೆಂದು ಹೀಗೆ ಬರೆದಿರಲಾರರು. ಆದರೆ ಬರೆದದ್ದು ಹೀಗಿದೆ. ಇದನ್ನು ಓದಿ ಯಾರಾದರೂ ವಿಮೆಗಾಗಿ ಮಗುವಿನ ತಪಾಸಣೆಯನ್ನು ಮುಂದೂಡಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ತಪಾಸಣೆ ಮೊದಲು, ವಿಮೆ ಆಮೇಲೆ. ಗೊತ್ತಾದ ದೋಷವನ್ನು ಅರ್ಜಿಯಲ್ಲಿ ಮುಚ್ಚಿಡುವುದೂ ಬೇಡ, ಅದು ಸತ್ಯಕ್ಕೂ ದೂರ, ಮುಂದೆ ಇಡೀ ಪಾಲಿಸಿಯೇ ಬಿದ್ದುಹೋಗಲು ದಾರಿ. ಮಾಡಬಹುದಾದುದೆಂದರೆ, ಹೆರಿಗೆಗೆ ಮುಂಚೆಯೇ ಯೋಚಿಸಿ, ಶಿಶುವಿಗೆ ಮೊದಲ ದಿನದಿಂದ ರಕ್ಷಣೆ ಕೊಡುವ ಪಾಲಿಸಿಯನ್ನು ಆರಿಸಿಕೊಳ್ಳುವುದು. ಹೆರಿಗೆಯ ರಕ್ಷಣೆಗೂ ಕಾಯುವ ಅವಧಿ ಇರುವುದರಿಂದ ಮದುವೆಯಾದ ಹೊಸದರಲ್ಲಿಯೇ ಈ ಯೋಚನೆ ಬರಬೇಕು. ಅದರಲ್ಲಿಯೂ ಸೋದರಮಾವ, ಅಕ್ಕನ ಮಗಳು ಎಂದು ರಕ್ತಸಂಬಂಧದಲ್ಲಿ ಕೊಟ್ಟು ತರುವ ಪದ್ಧತಿ ನಮ್ಮ ಕುಟುಂಬಗಳಲ್ಲಿ ಇನ್ನೂ ಇದೆ. ಇಬ್ಬರಲ್ಲಿಯೂ ಅಡಗಿದ್ದ ದೋಷಯುಕ್ತ ವಂಶವಾಹಿ ಮಗುವಿನಲ್ಲಿ ಕೂಡಿಕೊಳ್ಳುವ ಸಂಭವ ಅಲ್ಲಿ ಹೆಚ್ಚು. ಹುಟ್ಟುಕಿವುಡುತನ ಅಂತಹ ದೋಷಗಳಲ್ಲಿ ಪ್ರಮುಖವಾದುದು. ಆ ಪದ್ಧತಿಯನ್ನು ಬಿಡುವುದು ಯಾವ ವಿಮೆಗಿಂತಲೂ ಅಗ್ಗ ಎಂದು ಹೇಳಿ ಮುಂದೆ ಹೋಗುತ್ತೇವೆ.

ಸರಕಾರ ಏನು ಮಾಡುತ್ತಿದೆ ಎಂದು ಭಕ್ತರು ಕೇಳಬಹುದು. ನ್ಯಾಯವಾಗಿ ಹೇಳುವುದಾದರೆ ಬಡ ಕುಟುಂಬಗಳಿಗೆ ಸರಕಾರವೇ ವಿಮಾ ಕಂಪನಿಗಳಿಗಿಂತ ಹೆಚ್ಚು ಒದಗಿದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನ ಕುಟುಂಬಗಳ ಮಕ್ಕಳಿಗೆ ಇಂಪ್ಲಾಂಟ್‌ಗೆ ನೆರವು ಇದೆ. 6 ಲಕ್ಷ ರೂಪಾಯಿ ಇದ್ದ ಮಿತಿಯನ್ನು ಈಚೆಗೆ 7 ಲಕ್ಷಕ್ಕೆ ಏರಿಸಿದ್ದಾರೆ. ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಐದು ವರ್ಷದೊಳಗೆ ಈ ನೆರವು ಸಿಗಬೇಕು. ನಮ್ಮ ರಾಜ್ಯದಲ್ಲಿ ‘ಶ್ರವಣ ಸಂಜೀವಿನಿ’ ಎಂಬ ಹೆಸರಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಇಂಪ್ಲಾಂಟ್ ಒದಗಿಸುವ ಯೋಜನೆಯಿದೆ. ಅಂಗನವಾಡಿಗೂ ಶಾಲೆಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಹುಟ್ಟುಕಿವುಡುತನವನ್ನೂ ಪರೀಕ್ಷಿಸಬೇಕೆಂದು ನಿಯಮವಿದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವುದು ನಮ್ಮ ಪುಣ್ಯ. ದೂರದ ರಾಜ್ಯಗಳಿಂದ ಜನರು ಅಲ್ಲಿಗೆ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಇಲ್ಲಿಯವರೇ ಆದ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಅದರ ಹೆಸರು ತಿಳಿಯದು. ನೆರೆಯ ತಮಿಳುನಾಡು ತನ್ನ ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿಯೇ ಇಂಪ್ಲಾಂಟನ್ನು ಸೇರಿಸಿಕೊಂಡಿದೆ. ಕೇರಳವು ‘ಶ್ರುತಿತರಂಗಂ’ ಎಂಬ ಯೋಜನೆಯನ್ನು 2012ರಲ್ಲಿ ಆರಂಭಿಸಿತು. ಕೇಂದ್ರ ಸರಕಾರದ ನೌಕರರಿಗೂ ಅವರ ಆರೋಗ್ಯ ಯೋಜನೆಯಲ್ಲಿ ಇಂಪ್ಲಾಂಟ್‌ಗೂ ಶ್ರವಣಯಂತ್ರಕ್ಕೂ ದರ ನಿಗದಿ ಮಾಡಿ ಮರುಪಾವತಿ ಕೊಡುತ್ತಾರೆ. ಅಂದರೆ ಇದು ಲೆಕ್ಕಕ್ಕೆ ಸಿಗದ, ವಿಮೆಗೆ ಒಗ್ಗದ ವೆಚ್ಚವೆಂಬ ವಾದ ನಿಲ್ಲುವುದಿಲ್ಲ.

ಹಾಗಾದರೆ ಹೊರಗುಳಿದವರು ಯಾರು? ಆದಾಯ ಮಿತಿಗಿಂತ ನಾಲ್ಕು ಕಾಸು ಹೆಚ್ಚು ದುಡಿಯುವವರು. ಖಾಸಗಿ ಶಾಲೆಯ ಉಪಾಧ್ಯಾಯರು, ಕಿರಾಣಿ ಅಂಗಡಿಯವರು, ಸಹಕಾರಿ ಬ್ಯಾಂಕಿನ ಗುಮಾಸ್ತರು, ಎಂಟು ಹತ್ತು ಎಕರೆ ಇದ್ದು ಮಳೆಯನ್ನೇ ನಂಬಿದ ರೈತರು. ಖಾಸಗಿ ಆಸ್ಪತ್ರೆಯಲ್ಲಿ ಒಂದು ಕಿವಿಯ ಇಂಪ್ಲಾಂಟ್‌ಗೆ ಸಾಧನದ ದರ್ಜೆಯನ್ನನುಸರಿಸಿ ಆರೇಳು ಲಕ್ಷದಿಂದ ಹತ್ತು ಹನ್ನೆರಡು ಲಕ್ಷ ರೂಪಾಯಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಇವರೇ ಪ್ರತಿವರ್ಷ ತಪ್ಪದೆ ವಿಮೆಯ ಕಂತು ಕಟ್ಟುವವರು. ಕಟ್ಟಿದ ವಿಮೆ ಕೈಕೊಟ್ಟಾಗ ಹೊಲ ಅಡವಿಡುವವರೂ ಇವರೇ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಸರಕಾರ ತೆಗೆದುಹಾಕಿತು, ಇದು ಸ್ವಾಗತಾರ್ಹ. ಆದರೆ ಕಂತು ಅಗ್ಗವಾದರೆ ಸಾಲದು, ಪಾಲಿಸಿಯೊಳಗೆ ಇರಬೇಕಾದುದು ಇರಬೇಕು.

ಶಸ್ತ್ರಚಿಕಿತ್ಸೆ ಆದ ಮೇಲಿನ ಖರ್ಚಿನ ಕುರಿತು ಮಾತನಾಡುವವರು ಇನ್ನೂ ಕಡಿಮೆ. ಒಳಗಿನ ಭಾಗ ದಶಕಗಳ ಕಾಲ ಬಾಳಬಹುದು. ಹೊರಗಿನ ಪ್ರೊಸೆಸರ್ ಒಂದು ಯಂತ್ರ. ಅದಕ್ಕೆ ಬೆವರು, ದೂಳು, ಮಳೆ, ಮಕ್ಕಳಾಟ ಎಲ್ಲವೂ ತಗುಲುತ್ತವೆ. ಬ್ಯಾಟರಿ ಮುಗಿಯುತ್ತದೆ, ತಂತಿ ತುಂಡಾಗುತ್ತದೆ, ಬಿಲ್ಲೆ ಕಳೆದುಹೋಗುತ್ತದೆ. ಕೆಲವು ವರ್ಷಗಳ ವಾರಂಟಿ ಮುಗಿದ ಮೇಲೆ ಎಲ್ಲವೂ ಕೈಯಿಂದಲೇ. ಅಷ್ಟರಲ್ಲಿ ಕಂಪನಿಯು ಹೊಸ ಮಾದರಿಯನ್ನು ತಂದು ಹಳೆಯದರ ಬಿಡಿಭಾಗಗಳನ್ನು ನಿಲ್ಲಿಸಿಬಿಟ್ಟರೆ ಹೊಸ ಪ್ರೊಸೆಸರ್‌ಗೆ ಮತ್ತೆ ಲಕ್ಷಗಟ್ಟಲೆ ರೂಪಾಯಿ. ಸರಕಾರದ ನೆರವಿನಿಂದ ಇಂಪ್ಲಾಂಟ್ ಪಡೆದು, ಮಾತು ಕಲಿತು, ಶಾಲೆಗೆ ಸೇರಿದ ಮಗು ಪ್ರೊಸೆಸರ್ ಕೆಟ್ಟ ದಿನ ಮತ್ತೆ ನಿಶ್ಶಬ್ದಕ್ಕೆ ಮರಳುತ್ತದೆ. ಒಳಗೆ ಲಕ್ಷಾಂತರ ರೂಪಾಯಿಯ ಸಾಧನ ಇದ್ದೂ ಇಲ್ಲದಂತೆ. ವಿಮೆಯ ದೃಷ್ಟಿಯಲ್ಲಿ ಇದು ‘ದೇಹದ ಹೊರಗೆ ಬಳಸುವ ಉಪಕರಣ’. ಆಸ್ಪತ್ರೆಗೆ ದಾಖಲಾಗದೆ ಬದಲಿಸುವಂತಹದು. ಆದುದರಿಂದ ಕ್ಲೇಮು ಇಲ್ಲ. ಆದರೆ ಇದು ಹೊರಗಿನದೂ ಅಲ್ಲ, ಒಳಗಿನದೂ ಅಲ್ಲ. ಎರಡು ಭಾಗಗಳೂ ಸೇರಿ ಒಂದು ಕಿವಿ. ಅರ್ಧ ಕಿವಿಗೆ ವಿಮೆ ಕೊಟ್ಟು ಉಳಿದರ್ಧಕ್ಕೆ ಇಲ್ಲವೆನ್ನುವುದು ಬಾವಿ ತೋಡಿಸಿಕೊಟ್ಟು ಹಗ್ಗಕ್ಕೆ ಇಲ್ಲವೆಂದ ಹಾಗೆ. ಕಳವು, ಆಕಸ್ಮಿಕ ಹಾನಿಗಳಿಗೆ ಮಾತ್ರ ಒಡವೆ ವಸ್ತುಗಳಿಗೆ ಮಾಡುವಂತಹ ಸಾಮಾನ್ಯ ವಿಮೆಯನ್ನು ಪ್ರೊಸೆಸರ್‌ಗೂ ಕೆಲವೆಡೆ ಮಾಡಿಸಬಹುದು. ಸಾಧನ ಕೊಟ್ಟ ಕೇಂದ್ರದಲ್ಲಿಯೇ ಇದನ್ನು ವಿಚಾರಿಸುವುದು ಒಳ್ಳೆಯದು.

ತರಬೇತಿಯದು ಮತ್ತೊಂದು ಕಥೆ. ಶಸ್ತ್ರಚಿಕಿತ್ಸೆ ಆದ ಕೆಲವು ವಾರಗಳ ಮೇಲೆ ಸಾಧನವನ್ನು ಚಾಲೂ ಮಾಡುತ್ತಾರೆ. ಆ ದಿನ ಮಗುವಿಗೆ ಕೇಳಿಸುವುದು ಅಮ್ಮನ ದನಿಯಲ್ಲ, ಅರ್ಥವಿಲ್ಲದ ಸದ್ದು. ಅದು ದನಿಯಾಗಲು, ದನಿ ಮಾತಾಗಲು ವರ್ಷಗಳ ಅಭ್ಯಾಸ ಬೇಕು. ಆಗಾಗ ಸಾಧನದ ಮಟ್ಟವನ್ನು ಹೊಂದಿಸುತ್ತಿರಬೇಕು. ಮೈಸೂರಿನಂತಹ ಊರುಗಳಲ್ಲಿ ತಾಯಂದಿರು ಮಕ್ಕಳೊಂದಿಗೆ ಬಾಡಿಗೆ ಕೋಣೆ ಹಿಡಿದು, ತಾವೂ ತರಗತಿಯಲ್ಲಿ ಕುಳಿತು, ಕಲಿತದ್ದನ್ನು ಅಡುಗೆ ಮಾಡುತ್ತ ಬಟ್ಟೆ ಒಗೆಯುತ್ತ ಮಗುವಿಗೆ ಕಲಿಸುತ್ತಾರೆ. ಎರಡು ಮೂರು ವರ್ಷ ಊರು, ಹೊಲ, ಗಂಡನ ಮನೆ ಬಿಟ್ಟು ಬರುವ ಈ ತಾಯಂದಿರ ದುಡಿಮೆಯೇ ಈ ಚಿಕಿತ್ಸೆಯ ಮುಖ್ಯ ಭಾಗ. ಅದಕ್ಕೆ ಯಾರೂ ಬಿಲ್ಲು ಬರೆಯುವುದಿಲ್ಲ. ವಿಮೆಯವರು ಕನಿಷ್ಠ ವಾಕ್ ತರಬೇತಿಯ ಶುಲ್ಕವನ್ನಾದರೂ ಶಸ್ತ್ರಚಿಕಿತ್ಸೆಯ ನಂತರದ ವೆಚ್ಚವೆಂದು ಒಪ್ಪಬೇಡವೇ? ಸಾಮಾನ್ಯವಾಗಿ ಆಸ್ಪತ್ರೆಯಿಂದ ಬಿಡುಗಡೆಯಾದ 60 ಅಥವಾ 90 ದಿನಗಳಿಗೆ ಆ ಲೆಕ್ಕ ಮುಗಿಯುತ್ತದೆ. ಮಗು ಅಷ್ಟರಲ್ಲಿ ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡಲು ಕಲಿತಿರುತ್ತದೆ, ಅಷ್ಟೆ.

ಇಂಪ್ಲಾಂಟ್ ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ಶ್ರವಣನರವೇ ಇಲ್ಲದಿದ್ದರೆ ಇದರಿಂದ ಪ್ರಯೋಜನವಿಲ್ಲ. ಸಂಜ್ಞಾಭಾಷೆಯಲ್ಲಿ ಬೆಳೆದು, ಅದರಲ್ಲಿಯೇ ಓದಿ, ದುಡಿದು, ಸಂಸಾರ ಹೂಡಿದವರು ಅನೇಕರಿದ್ದಾರೆ. ಅದು ಸಂಪೂರ್ಣವಾದ ಭಾಷೆ, ಅವರ ಬಾಳಿಗೆ ಯಾವ ಕೊರತೆಯೂ ಇಲ್ಲ. ನಮ್ಮ ಮಾತು ಇಂಪ್ಲಾಂಟ್ ಬೇಕೆಂದು ವೈದ್ಯರೂ ಮನೆಯವರೂ ತೀರ್ಮಾನಿಸಿದಾಗ ಹಣದ ಕಾರಣಕ್ಕೆ ಅದು ತಪ್ಪಬಾರದು ಎಂಬುದಷ್ಟೇ.

ಹಿರಿಯರ ವಿಷಯಕ್ಕೆ ಬಂದರೆ, ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತು, ಧ್ವನಿವರ್ಧಕದ ಕಡೆಗೆ ಒಂದು ಕಿವಿಯನ್ನು ತಿರುಗಿಸಿಕೊಂಡು ಆಲಿಸುವವರನ್ನು ನಾವು ಪ್ರತಿ ತಿಂಗಳೂ ಕಾಣುತ್ತೇವೆ. ಎರಡು ವರ್ಷದ ಮೇಲೆ ಅವರಲ್ಲಿ ಕೆಲವರು ಬರುವುದನ್ನೇ ನಿಲ್ಲಿಸಿರುತ್ತಾರೆ. ಕಾಲು ನೋವಲ್ಲ; ಕೇಳಿಸದೆ ಸುಮ್ಮನೆ ಕುಳಿತಿರುವ ಸಂಕೋಚ. ಮನೆಯಲ್ಲಿಯೂ ‘ಅಜ್ಜನಿಗೆ ಹೇಳಿ ಪ್ರಯೋಜನವಿಲ್ಲ’ ಎಂದು ಮಾತು ಅವರನ್ನು ಬಿಟ್ಟು ಸಾಗುತ್ತದೆ. ಮರೆವಿನ ರೋಗಕ್ಕೆ ಕಾರಣವಾಗುವ, ನಾವು ತಡೆಯಬಹುದಾದ ಅಂಶಗಳಲ್ಲಿ ಚಿಕಿತ್ಸೆ ಪಡೆಯದ ಶ್ರವಣದೋಷವೂ ಒಂದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಹೇಳಿದೆ. ಆದರೂ ಶ್ರವಣಯಂತ್ರ ಹೊರರೋಗಿ ವಿಭಾಗದಲ್ಲಿ ಕೊಡುವ ವಸ್ತುವಾದ್ದರಿಂದ ವಿಮೆಗೆ ಅದು ಕಾಣಿಸುವುದೇ ಇಲ್ಲ. ಬಡ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಉಚಿತ ಶ್ರವಣಯಂತ್ರ ಕೊಡುತ್ತಾರೆ. ಕೊಟ್ಟ ಯಂತ್ರ ಎಷ್ಟೋ ಮನೆಗಳಲ್ಲಿ ಡಬ್ಬಿಯಲ್ಲಿಯೇ ಉಳಿಯುತ್ತದೆ ಎಂಬುದು ಬೇರೆ ಮಾತು. ಅವರವರ ಕಿವಿಗೆ ಹೊಂದಿಸಿ, ಹಾಕಿಕೊಳ್ಳಲು ಕಲಿಸಿ, ತಿಂಗಳ ಮೇಲೆ ಮತ್ತೆ ವಿಚಾರಿಸುವವರು ಬೇಕು. ಮೊಮ್ಮಕ್ಕಳು ಈ ಕೆಲಸವನ್ನು ಮಾಡಬಲ್ಲರು. ಹಾಗೆಯೇ ಜಾತ್ರೆ, ಮೆರವಣಿಗೆಗಳಲ್ಲಿ ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳ ಪಕ್ಕದಲ್ಲಿ ಕೈಗೂಸುಗಳನ್ನು ಎತ್ತಿಕೊಂಡು ನಿಲ್ಲುವುದನ್ನು ಬಿಟ್ಟರೆ ಮುಂದಿನ ತಲೆಮಾರಿನ ಕೂದಲಕೋಶಗಳು ಒಂದಷ್ಟು ಉಳಿದಾವು.

ಕಾನೂನು ನಮ್ಮ ಪರವಾಗಿಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣನಷ್ಟ ಇರುವವರನ್ನು ಕಿವುಡರೆಂದೂ, 60ರಿಂದ 70 ಡೆಸಿಬಲ್ ಇರುವವರನ್ನು ಮಂದಶ್ರವಣದವರೆಂದೂ ಗುರುತಿಸುತ್ತದೆ. ಬೇರೆ ಸರಕಾರಿ ವಿಮೆಯ ವ್ಯಾಪ್ತಿಗೆ ಬಾರದ ಅಂಗವಿಕಲರಿಗೆ ಸಮಗ್ರ ವಿಮಾ ಯೋಜನೆಯೊಂದು ಇರಬೇಕೆಂದೂ ಹೇಳುತ್ತದೆ. ಕೇಂದ್ರದ ‘ನಿರಾಮಯ’ ವಿಮೆ ಬುದ್ಧಿಮಾಂದ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ಮೀಸಲು; ಕೇವಲ ಕಿವುಡುತನ ಇರುವವರು ಅದರೊಳಗೆ ಬರುವುದಿಲ್ಲ. 2023ರ ಫೆಬ್ರುವರಿಯಲ್ಲಿ ವಿಮಾ ಪ್ರಾಧಿಕಾರವು ಅಂಗವಿಕಲರಿಗಾಗಿ ಪ್ರತ್ಯೇಕ ಪಾಲಿಸಿಯನ್ನು ಪ್ರತಿಯೊಂದು ಆರೋಗ್ಯ ವಿಮಾ ಕಂಪನಿಯೂ ತರಬೇಕೆಂದು ಆದೇಶಿಸಿತು. ಪಾಲಿಸಿಗಳು ಬಂದಿವೆ. ಅವುಗಳಲ್ಲಿ ಸಾಧನಕ್ಕೂ ಅದರ ಬದಲಾವಣೆಗೂ ಜಾಗ ಸಿಗುವವರೆಗೆ ಕಿವಿ ಕೇಳಿಸದವರಿಗೆ ಅವು ಜ್ವರಕ್ಕೂ ಅಪೆಂಡಿಕ್ಸ್‌ಗೂ ಮಾತ್ರ ಉಪಯೋಗ. ಪ್ರಾಧಿಕಾರ ಇನ್ನೆರಡು ಹೆಜ್ಜೆ ಇಡಬೇಕು: ಆರು ವರ್ಷದೊಳಗಿನ ಮಕ್ಕಳ ಹುಟ್ಟುಕಿವುಡುತನಕ್ಕೆ ಕಾಯುವ ಅವಧಿಯನ್ನು ಅನ್ವಯಿಸಬಾರದು, ‘ಅಪಘಾತದ ಹೊರತು’ ಎಂಬ ಸಾಲನ್ನು ಅಳಿಸಬೇಕು. ಸರಕಾರವು 2017ರಲ್ಲಿ ಹೃದಯದ ಸ್ಟೆಂಟ್‌ಗೂ ಮೊಣಕಾಲಿನ ಕೃತಕ ಕೀಲಿಗೂ ಗರಿಷ್ಠ ಬೆಲೆ ಗೊತ್ತುಮಾಡಿದಂತೆ ಈ ಸಾಧನಕ್ಕೂ ಬಿಡಿಭಾಗಗಳಿಗೂ ಮಾಡಿದರೆ ಕಂಪನಿಗಳಿಗೆ ನೆಪವೂ ಉಳಿಯದು.

ಕ್ಲೇಮು ತಿರಸ್ಕಾರವಾದವರು ಏಜೆಂಟರ ಬಾಯಿಮಾತಿಗೆ ಸುಮ್ಮನಾಗಬಾರದು. ಪಾಲಿಸಿಯ ಯಾವ ಕಲಮಿನ ಪ್ರಕಾರ ತಿರಸ್ಕರಿಸಿದಿರಿ ಎಂದು ಲಿಖಿತ ಉತ್ತರ ಪಡೆಯಬೇಕು. ‘ಹುಟ್ಟುದೋಷ’ ಎಂದಷ್ಟೇ ಬರೆದಿದ್ದರೆ ಅದು ಒಳಗಿನ ದೋಷವೆಂದು ತಜ್ಞವೈದ್ಯರ ಪತ್ರದೊಂದಿಗೆ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿಯವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ತೀರ್ಪಿಗೆ ಕಂಪನಿ ಬದ್ಧ. ಆದರೆ ಕಾಕ್ಲಿಯರ್ ಇಂಪ್ಲಾಂಟ್ ಇಲ್ಲವೆಂದು ಪಾಲಿಸಿಯಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರೆ ಅಲ್ಲಿಯೂ ದಾರಿ ಕಿರಿದು. ಆದುದರಿಂದ ಕೊಳ್ಳುವ ಮುಂಚೆ ಓದುವುದೇ ಮೇಲು.

ಇದರಲ್ಲಿ ನಮ್ಮ ಮಠಗಳ ಕೈಯಲ್ಲಿರುವ ಒಂದು ಕೆಲಸವಿದೆ. ಶ್ರೀಮಠಗಳ ಆಶ್ರಯದಲ್ಲಿ ಶಾಲೆ ಕಾಲೇಜುಗಳಿವೆ, ಆಸ್ಪತ್ರೆಗಳಿವೆ. ಭಕ್ತರು ನಡೆಸುವ ಪತ್ತಿನ ಸಹಕಾರ ಸಂಘಗಳಿವೆ. ಇವುಗಳಲ್ಲಿ ಹಲವು ತಮ್ಮ ನೌಕರರಿಗೂ ಅವರ ಕುಟುಂಬದವರಿಗೂ ಗುಂಪು ಆರೋಗ್ಯ ವಿಮೆ ಮಾಡಿಸುತ್ತವೆ. ಬಿಡಿ ಪಾಲಿಸಿಯನ್ನು ಕೊಳ್ಳುವವನು ಅಚ್ಚಾದ ಷರತ್ತುಗಳಿಗೆ ಸಹಿ ಹಾಕಬೇಕು. ಐನೂರು ಜನರಿಗೆ ಪಾಲಿಸಿ ಕೊಳ್ಳುವ ಸಂಸ್ಥೆ ಷರತ್ತುಗಳನ್ನು ಕುಳಿತು ಮಾತನಾಡಬಹುದು. ಕಾಯುವ ಅವಧಿಯನ್ನು ಬಿಡಿಸಬಹುದು, ಶಿಶುವಿಗೆ ಮೊದಲ ದಿನದಿಂದ ರಕ್ಷಣೆ ಕೇಳಬಹುದು, ಕಾಕ್ಲಿಯರ್ ಇಂಪ್ಲಾಂಟನ್ನೂ ಪ್ರೊಸೆಸರ್ ಬದಲಾವಣೆಯನ್ನೂ ಒಂದು ಮಿತಿಯೊಳಗೆ ಸೇರಿಸಿಸಬಹುದು. ಅಂತಹ ಮಗು ಸಾವಿರಕ್ಕೆ ಕೆಲವೇ ಮನೆಗಳಲ್ಲಿ ಹುಟ್ಟುವುದರಿಂದ ಅದಕ್ಕಾಗಿ ಏರುವ ಕಂತು ತಲೆಗೆ ಹಂಚಿದರೆ ಅಲ್ಪ. ಕೇಳಿದರೆ ಮಾತ್ರ ಸಿಗುವ ಸೌಲಭ್ಯವಿದು. ಬಹುತೇಕ ಆಡಳಿತ ಮಂಡಳಿಗಳು ಕಂತು ಎಷ್ಟು ಇಳಿಯಿತು ಎಂಬುದನ್ನಷ್ಟೇ ಕೇಳುತ್ತವೆ. ಈ ವರ್ಷದ ನವೀಕರಣಕ್ಕೆ ಕಡತ ಬಂದಾಗ, ಕಾರ್ಯದರ್ಶಿಗಳು ಹೊರಗಿಟ್ಟ ಅಂಶಗಳ ಪುಟವನ್ನು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಲಿ, ಕಾಕ್ಲಿಯರ್ ಎಂಬ ಪದ ಬಂದ ಕಡೆ ಗೆರೆ ಎಳೆದು, ಅದನ್ನು ತೆಗೆದರೆ ಕಂತು ಎಷ್ಟಾಗುತ್ತದೆಂದು ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಲಿ.